ಕ್ಲಾಸ್‌ರೂಮ್ ಟಿವಿಗೆ ವೈರ್ ಇಲ್ಲದೆ ಸ್ಕ್ರೀನ್ ಶೇರ್: ಮೂರು ವಾರದ ಕೆಲಸದ ಲಾಗ್

ನಿನ್ನೆ ಸಂಜೆ ಕೊನೇ ಕೇಬಲ್ ಟೈ ಬಿಗಿದು ಏಣಿ ಒಳಗಿಟ್ಟೆ. ಮರೆಯೋ ಮುಂಚೆ ಬರೆದಿಡ್ತಿದೀನಿ, ಯಾಕಂದ್ರೆ ನಾನು ಎಲ್ಲೆಲ್ಲಿ ಎಡವಿದ್ನೋ ಅಲ್ಲೇ ಬೇರೆಯವ್ರೂ ಎಡವೋ ಚಾನ್ಸ್ ಜಾಸ್ತಿ, ಮತ್ತೆ ಇದ್ರ ಬಗ್ಗೆ ಸಿಗೋ ಮಾಹಿತಿ ಎಲ್ಲಾ "ಡಾಂಗಲ್ ಹಾಕಿ, ಕನೆಕ್ಟ್ ಒತ್ತಿ" ಅನ್ನೋ ಲೆವೆಲ್‌ಗೇ ನಿಂತುಬಿಡುತ್ತೆ.

ರೂಮ್ ಬಗ್ಗೆ ಮೊದ್ಲು. 9 ಮೀಟರ್ ಉದ್ದ 6 ಮೀಟರ್ ಅಗಲ, 30 ಸೀಟು, ಮುಂದಿನ ಗೋಡೆಗೆ 55 ಇಂಚಿನ ಟಿವಿ, ಅದಕ್ಕೆ ಮೂರು ಎಚ್‌ಡಿಎಂಐ ಪೋರ್ಟು. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಮೀಟಿಂಗು. ಬರೋರ ಕೈಲಿ ವಿಂಡೋಸ್ ಲ್ಯಾಪ್‌ಟಾಪ್, ಮ್ಯಾಕ್‌ಬುಕ್, ಐಪ್ಯಾಡ್, ಆಂಡ್ರಾಯ್ಡ್ ಫೋನ್, ಏನು ಬೇಕಾದ್ರೂ ಇರ್ಬಹುದು. ಇಲ್ಲಿ ತನಕ ಇದ್ದಿದ್ದು ಒಂದು 10 ಮೀಟರ್ ಎಚ್‌ಡಿಎಂಐ ಕೇಬಲ್ಲು, ನೆಲದ ಮೇಲೆ ಟೇಪ್ ಹಾಕಿ ಅಂಟಿಸಿದ್ದು, ಅದ್ರ ತುದಿ ಸಡಿಲ ಆಗಿ ಒಂದು ಕೋನದಲ್ಲಿ ಹಿಡ್ಕೊಂಡ್ರೆ ಮಾತ್ರ ಚಿತ್ರ ಬರ್ತಿತ್ತು.

ಕೆಲಸಕ್ಕೆ ಕೈ ಹಾಕೋ ಮುಂಚೆ ಒಂದು ವಾರ ಹಿಂದಿನ ಬೆಂಚಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು ಕೂತೆ. ಟೀಚರ್ ಒಳಗೆ ಬಂದು ಲ್ಯಾಪ್‌ಟಾಪ್ ತೆಗೆದಾಗಿಂದ ಟಿವಿಯಲ್ಲಿ ಸ್ಲೈಡ್ ಕಾಣೋ ತನಕ ಎಷ್ಟು ಹೊತ್ತು ಅಂತ ಬರ್ಕೊಂಡೆ. ಆರು ಕ್ಲಾಸಲ್ಲಿ ಅತೀ ಕಮ್ಮಿ 40 ಸೆಕೆಂಡ್, ಅತೀ ಜಾಸ್ತಿ 11 ನಿಮಿಷ. ಆ 11 ನಿಮಿಷ ಕೂತು ನೋಡಿದ್ಮೇಲೆ ಗೊತ್ತಾಯ್ತು ಇದು ಸಣ್ಣ ವಿಷಯ ಅಲ್ಲ ಅಂತ, ಚೆನ್ನಾಗಿ ತಯಾರಿ ಮಾಡ್ಕೊಂಡು ಬಂದಿದ್ದ ಟೀಚರ್ ಮುಖ ಸಣ್ಣದಾಗಿಬಿಡ್ತು, ಮಕ್ಕಳು ಮಾತಿಗೆ ಶುರು ಹಚ್ಕೊಂಡ್ರು, ಆಮೇಲೆ ಆ ಪೀರಿಯಡ್ ಹಳಿಗೆ ಬರ್ಲೇ ಇಲ್ಲ. ಅದಕ್ಕೇ ಗುರಿ ಇಟ್ಕೊಂಡಿದ್ದು ಒಂದೇ: ಯಾರೇ ಬರ್ಲಿ, ನನ್ನನ್ನ ಕರೀದೆ, 30 ಸೆಕೆಂಡ್ ಒಳಗೆ ಚಿತ್ರ ಬರ್ಬೇಕು.

ಇನ್ನೊಂದು ನಿಯಮ ನಂಗೆ ನಾನೇ ಹಾಕ್ಕೊಂಡಿದ್ದು, ಹೊಸದೇನೂ ಕೊಳ್ಳೋದು ಬೇಡ, ಸ್ಟೋರ್ ರೂಮಲ್ಲಿ ಏನಿದ್ಯೋ ಅದ್ರಲ್ಲೇ ನೋಡೋಣ ಅಂತ. ಕೊನೇಗೆ ಕೊಂಡಿದ್ದು ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರಿಗೆ ಒಂದು ಪವರ್ ಸಪ್ಲೈ, ಒಂದು ಮೈಕ್ರೋ ಎಚ್‌ಡಿಎಂಐ ಕೇಬಲ್, ಎರಡು ನೆಟ್‌ವರ್ಕ್ ಪ್ಯಾಚ್ ಕೇಬಲ್, ಒಂದು ಮೆಮೊರಿ ಕಾರ್ಡ್, ಒಂದು ಶಾರ್ಟ್ ಎಚ್‌ಡಿಎಂಐ ಎಕ್ಸ್‌ಟೆನ್ಶನ್. ಆ ಎಕ್ಸ್‌ಟೆನ್ಶನ್ ಕೊನೇಗೆ ಬೇಕಾಗ್ಲೇ ಇಲ್ಲ.

ದಿನ 1 ರಿಂದ 4: ಡಾಂಗಲ್

ಡ್ರಾಯರಲ್ಲಿ ಒಂದು ಹಳೇ ಮಿರಾಕಾಸ್ಟ್ ಡಾಂಗಲ್ ಇತ್ತು, ಅಂದ್ರೆ ಲ್ಯಾಪ್‌ಟಾಪ್ ಸ್ಕ್ರೀನನ್ನ ವೈರ್ ಇಲ್ಲದೆ ಹಿಡಿದು ಟಿವಿಯಲ್ಲಿ ತೋರ್ಸೋ ಸಣ್ಣ ಕಡ್ಡಿ. ಟಿವಿ ಹಿಂದೆ ಎಚ್‌ಡಿಎಂಐಗೆ ಚುಚ್ಚಿದೆ, ಪವರ್‌ಗೆ ಟಿವಿಯದ್ದೇ ಯುಎಸ್‌ಬಿ ಪೋರ್ಟಿಗೆ ಹಾಕ್ದೆ. ವಿಂಡೋಸಲ್ಲಿ ವಿಂಡೋಸ್ ಕೀ ಜೊತೆ ಕೆ ಒತ್ತಿದ್ರೆ ಹೆಸರು ಬಂತು, ಕ್ಲಿಕ್ ಮಾಡಿದ್ರೆ ಚಿತ್ರ ಬಂತು. ಐದೇ ನಿಮಿಷದ ಕೆಲಸ. ಮುಗೀತಲ್ಲ ಅಂದ್ಕೊಂಡೆ.

ಮಾರನೇ ದಿನ ಕ್ಲಾಸ್ ಶುರುವಾಗಿ 12 ನಿಮಿಷಕ್ಕೆ ಸ್ಕ್ರೀನ್ ಕಪ್ಪು, ಸ್ವಲ್ಪ ಹೊತ್ತಿಗೆ ಡಾಂಗಲ್ ಲೋಗೋ. ಅಂದ್ರೆ ಅದು ಪೂರ್ತಿ ರೀಸ್ಟಾರ್ಟ್ ಆಗಿದೆ. ಅದರ ಮಾರನೇ ದಿನ ಎರಡು ಸಲ. ನಾನು ವೈಫೈ ಮೇಲೆ ಗುಮಾನಿ ಪಟ್ಟು ರೂಟರ್ ಚಾನೆಲ್ ಬದಲಾಯಿಸ್ದೆ, ಫರ್ಮ್‌ವೇರ್ ಅಪ್‌ಡೇಟ್ ಹಾಕ್ದೆ, ಲ್ಯಾಪ್‌ಟಾಪಿನ ಡ್ರೈವರ್ ಬದಲಾಯಿಸ್ದೆ, ಜಪ್ಪಯ್ಯ ಅಂದ್ರೂ ಸರಿ ಹೋಗ್ಲಿಲ್ಲ.

ನಾಲ್ಕನೇ ದಿನ ಡಾಂಗಲ್ ಕಿತ್ತು ಕೈಲಿ ಹಿಡ್ಕೊಂಡಾಗ ಅದ್ರ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ 5 ವೋಲ್ಟ್, 1 ಆಂಪ್ ಅಂತ ಕಾಣ್ತು. ಟಾರ್ಚ್ ಹಾಕಿ ಟಿವಿ ಹಿಂದೆ ನೋಡಿದ್ರೆ ಯುಎಸ್‌ಬಿ ಪೋರ್ಟ್ ಪಕ್ಕ 0.5 ಆಂಪ್ ಅಂತ ಅಚ್ಚು ಹಾಕಿದಾರೆ. ಸುಮ್ನೆ ಇದ್ದಾಗ ಅರ್ಧ ಆಂಪಲ್ಲಿ ಹೆಂಗೋ ನಡಿಯುತ್ತೆ, ವೀಡಿಯೋ ಡಿಕೋಡ್ ಮಾಡ್ತಾ ರೇಡಿಯೋನೂ ಫುಲ್ ಓಡ್ಬೇಕಾದಾಗ ಸಾಲಲ್ಲ. ಗೋಡೆಗೆ ಹಾಕೋ 2 ಆಂಪ್ ಅಡಾಪ್ಟರ್ ಕೊಟ್ಟೆ, ರೀಸ್ಟಾರ್ಟ್ ಅಲ್ಲಿಗೆ ನಿಂತ್ಹೋಯ್ತು. ಆ ಲೇಬಲ್ ಮೊದಲನೇ ದಿನದಿಂದಾನೂ ಅಲ್ಲೇ ಇತ್ತು, ನಾನು ಓದದೇ ಇದ್ದಿದ್ದು ತಪ್ಪು. ಈಗ ಏನೇ ಫಿಟ್ ಮಾಡಿದ್ರೂ ಮೊದ್ಲು ಲೇಬಲ್ಲಿನ ಫೋಟೋ ತೆಗ್ದು ಇಟ್ಕೊಳ್ತೀನಿ.

ದಿನ 5: ಮೌಸ್ ಜಗ್ಗಾಟ

ರೀಸ್ಟಾರ್ಟ್ ನಿಂತ್ರೂ ಮೌಸ್ ಪಾಯಿಂಟರ್ ಸಲೀಸಾಗಿ ಓಡ್ತಿರ್ಲಿಲ್ಲ, ಜಗ್ಗಿ ಜಗ್ಗಿ ಹೋಗೋದು. ಟಿವಿ ಹಿಂದೆ ಪೂರ್ತಿ ಲೋಹದ ತಗಡು, ಡಾಂಗಲ್ ಅದ್ರ ನೆರಳಲ್ಲಿದೆ ಅಂತ 30 ಸೆಂಟಿಮೀಟರ್ ಎಕ್ಸ್‌ಟೆನ್ಶನ್ ಹಾಕಿ ಟಿವಿ ಕೆಳ ಅಂಚಿಗೆ ಎಳ್ದು ತಂದೆ. ಸ್ವಲ್ಪ ಸುಧಾರಿಸ್ತು, ಪೂರ್ತಿ ಅಲ್ಲ.

ಆಮೇಲೆ ಆಕಸ್ಮಿಕವಾಗಿ ಗೊತ್ತಾಗಿದ್ದು: ಲ್ಯಾಪ್‌ಟಾಪನ್ನ ಆಫೀಸ್ ವೈಫೈಯಿಂದ ಬಿಡಿಸಿಬಿಟ್ರೆ ಮೌಸ್ ಬೆಣ್ಣೆ ಥರ ಓಡುತ್ತೆ. ಮತ್ತೆ ಸೇರಿಸಿದ್ರೆ ಜಗ್ಗುತ್ತೆ. ಮೂರು ಸಲ ಮಾಡಿ ನೋಡ್ದೆ, ಮೂರು ಸಲಾನೂ ಹಾಗೇ. ಮಿರಾಕಾಸ್ಟ್ ಅನ್ನೋದು ವೈಫೈ ಡೈರೆಕ್ಟ್ ಮೇಲೆ ಹೋಗುತ್ತೆ, ಲ್ಯಾಪ್‌ಟಾಪಿಗೂ ಡಾಂಗಲ್‌ಗೂ ನೇರ ಸಂಪರ್ಕ. ನನ್ನ ಡಾಂಗಲ್‌ಗೆ 2.4 ಗಿಗಾಹರ್ಟ್ಸ್ ಮಾತ್ರ ಬರೋದು, ಆಫೀಸ್ ವೈಫೈ 5 ಗಿಗಾಹರ್ಟ್ಸಲ್ಲಿ. ಲ್ಯಾಪ್‌ಟಾಪಲ್ಲಿ ಇರೋದು ಒಂದೇ ರೇಡಿಯೋ, ಅದು ಪಾಪ ಸೆಕೆಂಡಿಗೆ ಎಷ್ಟೋ ಸಲ ಅಲ್ಲಿಂದಿಲ್ಲಿಗೆ ಹಾರ್ತಾ ಇರ್ಬೇಕು. ಡಾಂಗಲ್ಲಲ್ಲಿ ಚಾನೆಲ್ ಸೆಟ್ಟಿಂಗೇ ಇಲ್ಲ, ಇಂಟರ್ನೆಟ್ ಬಿಟ್ಟು ಪಾಠ ಮಾಡಿ ಅಂತ ಟೀಚರ್‌ಗೆ ಹೇಳೋಕೂ ಆಗಲ್ಲ. ಡಾಂಗಲ್ ವಾಪಸ್ ಡ್ರಾಯರ್‌ಗೆ ಹೋಯ್ತು. ಐದು ದಿನ ಹೋದ್ವು, ಬೇಜಾರಾಯ್ತು ನಿಜ.

ದಿನ 6 ಮತ್ತು 7: ಹಳೇ ಮಿನಿ ಪಿಸಿ

ಸ್ಟೋರಲ್ಲಿ ವಿಂಡೋಸ್ 10 ಇದ್ದ ಒಂದು ಮಿನಿ ಪಿಸಿ ಇತ್ತು. ವಿಂಡೋಸ್ ಪಿಸಿನೇ ಮಿರಾಕಾಸ್ಟ್ ರಿಸೀವರ್ ಆಗ್ಬಹುದು, ಆಪ್ಷನಲ್ ಫೀಚರ್ಸ್ ಒಳಗೆ ವೈರ್‌ಲೆಸ್ ಡಿಸ್‌ಪ್ಲೇ ಅಂತ ಇರುತ್ತೆ, ಅದನ್ನ ಹಾಕ್ಬೇಕು. ಹಾಕೋ ಮುಂಚೆ ಕಾರ್ಡ್ ಸಪೋರ್ಟ್ ಮಾಡುತ್ತಾ ನೋಡ್ಕೊಳ್ಳಿ: ಕಮಾಂಡ್ ಪ್ರಾಂಪ್ಟಲ್ಲಿ ನೆಟ್‌ಶೆಲ್‌ನ ವೈಫೈ ಡ್ರೈವರ್ ತೋರಿಸೋ ಕಮಾಂಡ್ ಕೊಟ್ರೆ ಕೊನೇ ಸಾಲುಗಳಲ್ಲಿ ವೈರ್‌ಲೆಸ್ ಡಿಸ್‌ಪ್ಲೇ ಸಪೋರ್ಟೆಡ್ ಅಂತ ಇರುತ್ತೆ, ಗ್ರಾಫಿಕ್ಸ್ ಡ್ರೈವರ್‌ಗೂ ವೈಫೈ ಡ್ರೈವರ್‌ಗೂ ಎರಡಕ್ಕೂ ಯೆಸ್ ಬರ್ಬೇಕು. ನಂದಕ್ಕೆ ಮೊದ್ಲು ಗ್ರಾಫಿಕ್ಸ್ ನೋ ಬಂತು, ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದ್ಮೇಲೆ ಯೆಸ್ ಆಯ್ತು.

ಇದ್ರ ದೊಡ್ಡ ಲಾಭ ಏನಂದ್ರೆ, ವಿಂಡೋಸ್ 10ರ 1703 ವರ್ಶನ್ ಆದ್ಮೇಲೆ ಮಿರಾಕಾಸ್ಟ್ ಇರೋ ನೆಟ್‌ವರ್ಕ್ ಮೇಲೇನೇ ಓಡಬಲ್ಲದು, ವೈಫೈ ಡೈರೆಕ್ಟ್ ಬೇಕಾಗಿಲ್ಲ, ರಿಸೀವರ್ ಕಡೆ ಟಿಸಿಪಿ 7250 ಪೋರ್ಟ್ (ನೆಟ್‌ವರ್ಕ್ ಬಾಗಿಲಿನ ನಂಬರ್) ತೆರೆದಿದ್ರೆ ಸಾಕು. ಅಂದ್ರೆ ಮಿನಿ ಪಿಸಿನ ಕೇಬಲ್ಲಲ್ಲಿ ಕಟ್ಟಿಹಾಕ್ಬಹುದು, ರೇಡಿಯೋ ಹಾರಾಟದ ಸಮಸ್ಯೆನೇ ಇಲ್ಲ.

ಇಲ್ಲಿ ನಾನು ಮಾಡಿದ ತಪ್ಪು ಚೆನ್ನಾಗಿ ನೆನಪಿಟ್ಕೊಳ್ಳಿ. ಹೆಂಗೂ ಕೇಬಲ್ ಹಾಕಿದೀನಲ್ಲ ಅಂತ ಮಿನಿ ಪಿಸಿಯ ವೈಫೈ ಆಫ್ ಮಾಡ್ದೆ. ತಕ್ಷಣ ಎಲ್ಲಾ ಲ್ಯಾಪ್‌ಟಾಪಿಂದ ಅದ್ರ ಹೆಸರು ಮಾಯ. ಎರಡು ಗಂಟೆ ಫೈರ್‌ವಾಲ್ ಕೆದಕಿದ್ಮೇಲೆ ಅರ್ಥ ಆಯ್ತು, ಚಿತ್ರ ಹೋಗೋದು ಕೇಬಲ್ ಮೇಲೆ ಆದ್ರೂ "ನಾನಿಲ್ಲಿದೀನಿ" ಅಂತ ಕೂಗೋದು ಮಾತ್ರ ವೈಫೈ ಕಾರ್ಡೇ. ವೈಫೈ ಆನ್ ಇರ್ಬೇಕು, ಯಾವ ನೆಟ್‌ವರ್ಕ್‌ಗೂ ಸೇರಿರ್ಬೇಕಾಗಿಲ್ಲ. ಆನ್ ಮಾಡ್ದೆ, ಹೆಸರು ಬಂತು.

ಮೌಸ್ ಜಗ್ಗಾಟ ಹೋಯ್ತು. ವಿಂಡೋಸ್ ಕಡೆ ಮುಗೀತು. ಆದ್ರೆ ಐಪ್ಯಾಡ್, ಮ್ಯಾಕ್‌ಬುಕ್‌ಗೆ ಮಿರಾಕಾಸ್ಟ್ ಬರೋದೇ ಇಲ್ಲ, ಅವಕ್ಕೆ ಆಪಲ್‌ನದ್ದೇ ಆದ ಏರ್‌ಪ್ಲೇ ಬೇಕು.

ದಿನ 8: ರಾಸ್ಪ್‌ಬೆರಿ ಪೈಯಲ್ಲಿ ಯುಎಕ್ಸ್‌ಪ್ಲೇ

ರಾಸ್ಪ್‌ಬೆರಿ ಪೈ 4 ಒಂದು ಖಾಲಿ ಇತ್ತು. ಅದ್ರಲ್ಲಿ ಎಚ್.264 ಅನ್ನೋ ವೀಡಿಯೋ ಫಾರ್ಮ್ಯಾಟ್ ಡಿಕೋಡ್ ಮಾಡೋಕೆ ಪ್ರತ್ಯೇಕ ಹಾರ್ಡ್‌ವೇರ್ ಇದೆ, ಈ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಪೈ 5ರಲ್ಲಿ ಆ ಹಾರ್ಡ್‌ವೇರ್ ತೆಗ್ದುಬಿಟ್ಟಿದಾರೆ, ಅಲ್ಲಿ ಪ್ರೊಸೆಸರೇ ಆ ಭಾರ ಹೊರ್ಬೇಕು. ಹಾಕಿದ ಸಾಫ್ಟ್‌ವೇರ್ ಯುಎಕ್ಸ್‌ಪ್ಲೇ, ಓಪನ್ ಸೋರ್ಸ್, ಪೈನ ಏರ್‌ಪ್ಲೇ ರಿಸೀವರ್ ಮಾಡುತ್ತೆ.

ಪವರ್ ವಿಷಯದಲ್ಲಿ ಮತ್ತೆ ಬುದ್ಧಿ ಕೈ ಕೊಡ್ತು. ಕೈಗೆ ಸಿಕ್ಕಿದ ಫೋನ್ ಚಾರ್ಜರ್ ಹಾಕಿದ್ದೆ, ಸ್ಕ್ರೀನ್ ಮೂಲೇಲಿ ಮಿಂಚಿನ ಗುರುತು ಬಂದು ಬಂದು ಹೋಗ್ತಿತ್ತು. ಅದು ವೋಲ್ಟೇಜ್ ಕಮ್ಮಿ ಅನ್ನೋ ಎಚ್ಚರಿಕೆ. 5.1 ವೋಲ್ಟ್ 3 ಆಂಪ್ ಇರೋ ಅದ್ರದ್ದೇ ಸಪ್ಲೈ ತರಿಸ್ದೆ, ಗುರುತು ಹೋಯ್ತು. ಡಾಂಗಲ್ ಪಾಠ ಕಲಿತು ನಾಲ್ಕೇ ದಿನ ಆಗಿತ್ತು.

ಕೇಬಲ್ ಹಾಕ್ಬೇಕಾದ್ರೆ ಟೈಪ್ ಸಿ ಪವರ್ ಪೋರ್ಟಿಗೆ ಹತ್ರ ಇರೋ ಮೈಕ್ರೋ ಎಚ್‌ಡಿಎಂಐಗೇ ಹಾಕಿ, ಮೊದಲನೇ ಡಿಸ್‌ಪ್ಲೇ ಅದೇ. ಯುಎಕ್ಸ್‌ಪ್ಲೇ ಶುರು ಮಾಡಿದ್ರೆ ಮೈನಸ್ 65537 ಅನ್ನೋ ಎರರ್. ಅವಾಹಿ ಡೀಮನ್ ಅನ್ನೋ ಹಿನ್ನೆಲೆ ಪ್ರೋಗ್ರಾಮ್ ಓಡ್ತಿರ್ಲಿಲ್ಲ, ಹೆಸರು ಸಾರೋ ಕೆಲಸ ಅದರದ್ದು, ಸ್ಟಾರ್ಟ್ ಮಾಡಿದ್ಮೇಲೆ ಸರಿ ಹೋಯ್ತು. ಟೇಬಲ್ ಮೇಲೆ ನನ್ನ ಫೋನ್ ಹಾಟ್‌ಸ್ಪಾಟಲ್ಲಿ ಐಪ್ಯಾಡೂ ಪೈನೂ ಸೇರಿಸಿ ನೋಡ್ದೆ, ಎರಡು ಸೆಕೆಂಡಿಗೆ ಚಿತ್ರ ಬಂತು, ಆವತ್ತು ರಾತ್ರಿ ನೆಮ್ಮದಿಯಾಗಿ ಮಲ್ಕೊಂಡೆ.

ದಿನ 9 ರಿಂದ 13: ಹೆಸರೇ ಕಾಣ್ತಿಲ್ಲ

ಈ ಐದು ದಿನಾನೇ ಅಸಲಿ ಕೆಲಸ, ಮಿಕ್ಕಿದ್ದೆಲ್ಲ ಸ್ಕ್ರೂ ಬಿಗಿಯೋದು.

ಪೈನ ಕ್ಲಾಸ್‌ರೂಮಿಗೆ ತಂದು ಕೇಬಲ್ ಹಾಕಿ ಆನ್ ಮಾಡ್ದೆ. ಐಪ್ಯಾಡಲ್ಲಿ ಸ್ಕ್ರೀನ್ ಮಿರರಿಂಗ್ ಒತ್ತಿದ್ರೆ ಚಕ್ರ ತಿರುಗ್ತಾನೇ ಇದೆ, ಪಟ್ಟಿ ಖಾಲಿ. ನಾನು ಪೈನ ಎರಡು ಸಲ ಹೊಸದಾಗಿ ಇನ್‌ಸ್ಟಾಲ್ ಮಾಡ್ದೆ. ಅದು ದಡ್ಡ ಕೆಲಸ, ಯಾಕಂದ್ರೆ ಹಾಟ್‌ಸ್ಪಾಟಲ್ಲಿ ಅದೇ ಪೈ ಅದೇ ಐಪ್ಯಾಡ್ ಕೆಲಸ ಮಾಡಿತ್ತಲ್ಲ, ಅಂದ್ಮೇಲೆ ತಪ್ಪು ಪೈಯಲ್ಲಿಲ್ಲ, ಮಧ್ಯದ ನೆಟ್‌ವರ್ಕಲ್ಲಿದೆ. ಅಷ್ಟು ಸ್ಪಷ್ಟವಾದ ಸಾಕ್ಷಿ ಕೈಲಿಟ್ಕೊಂಡು ಒಂದು ದಿನ ಹಾಳು ಮಾಡ್ದೆ. ನಿಮಗೆ ಈ ಸಮಸ್ಯೆ ಬಂದ್ರೆ ಮೊದ್ಲು ಹಾಟ್‌ಸ್ಪಾಟ್ ಟೆಸ್ಟ್ ಮಾಡಿ, ಅದ್ರ ಉತ್ತರ ನಂಬಿ.

ಏರ್‌ಪ್ಲೇ ರಿಸೀವರ್ ಹೆಸರು ಹುಡುಕೋದು ಎಂಡಿಎನ್‌ಎಸ್ ಮೂಲಕ. 224.0.0.251 ಅನ್ನೋ ಮಲ್ಟಿಕಾಸ್ಟ್ (ಎಲ್ಲರಿಗೂ ಒಟ್ಟಿಗೆ ಕೇಳಿಸೋ) ವಿಳಾಸಕ್ಕೆ, ಯುಡಿಪಿ 5353ಕ್ಕೆ, "ಏರ್‌ಪ್ಲೇ ಯಾರಿದೀರಾ" ಅಂತ ಕೂಗು ಹಾಕುತ್ತೆ. ಈ ಕೂಗು ಆ ಒಂದು ನೆಟ್‌ವರ್ಕ್ ದಾಟಿ ಆಚೆ ಹೋಗಲ್ಲ, ರೂಟರ್ ದಾಟಿಸಲ್ಲ. ಪೈಯಲ್ಲಿ ನೆಟ್‌ವರ್ಕ್ ಪ್ಯಾಕೆಟ್ ತೋರ್ಸೋ ಟಿಸಿಪಿಡಂಪ್ ಹಾಕಿ 5353 ಮೇಲೆ ಕಿವಿ ಇಟ್ಟೆ. ಪೈ ತಾನು ಕೂಗ್ತಿದ್ದಿದ್ದು ಕಾಣ್ತು, ಐಪ್ಯಾಡಿನ ಕೂಗು ಒಂದೂ ಇಲ್ಲ. ಬಾಗಿಲು ಹಾಕಿರೋ ಎರಡು ರೂಮಲ್ಲಿ ಇಬ್ಬರು ಒಬ್ಬರನ್ನೊಬ್ಬರು ಕರೀತಿರೋ ಹಾಗೆ.

ಕಾರಣ ಎರಡು ಸಿಕ್ವು. ಒಂದು, ಬರೋರೆಲ್ಲ ಸೇರೋದು ಗೆಸ್ಟ್ ವೈಫೈಗೆ, ಪೈ ಇರೋದು ಆಫೀಸ್ ವಿಲ್ಯಾನಲ್ಲಿ, ಅಂದ್ರೆ ಅದೇ ರೂಟರ್ ಮೇಲೆ ಬೇರೆಯಾಗಿ ಕಟ್ಟಿದ ಇನ್ನೊಂದು ನೆಟ್‌ವರ್ಕಲ್ಲಿ. ಎರಡು, ಗೆಸ್ಟ್ ವೈಫೈಯಲ್ಲಿ ಗೆಸ್ಟ್ ಮೋಡ್ ಆನ್ ಇತ್ತು, ಅದು ಲೋಕಲ್ ವಿಳಾಸಕ್ಕೆ ಹೋಗೋದನ್ನೆಲ್ಲ ತಡೆದು ಇಂಟರ್ನೆಟ್ ಮಾತ್ರ ಬಿಡುತ್ತೆ. ಹೊರಗಿಂದ ಬಂದವ್ರ ಫೋನು ಆಫೀಸ್ ಫೈಲ್ ಮುಟ್ಟಬಾರ್ದು ಅಂತ ಇಟ್ಟಿರೋದು, ಅದು ಸರಿಯಾಗೇ ಇದೆ.

11ನೇ ದಿನ ರೂಟರಲ್ಲಿ ಎಂಡಿಎನ್‌ಎಸ್ ರಿಫ್ಲೆಕ್ಟರ್ ಆನ್ ಮಾಡ್ದೆ, ಅದು ಒಂದು ವಿಲ್ಯಾನಿನ ಕೂಗನ್ನ ಇನ್ನೊಂದಕ್ಕೆ ಮುಟ್ಟಿಸುತ್ತೆ, ಗೆಸ್ಟ್ ಮೋಡೂ ತಾತ್ಕಾಲಿಕವಾಗಿ ತೆಗ್ದೆ. ಹೆಸರು ಬಂತು! ಒತ್ತಿದ್ರೆ ಕನೆಕ್ಟ್ ಆಗ್ತಿಲ್ಲ. ಹೆಸರು ತೋರ್ಸೋದು ಬೇರೆ, ಚಿತ್ರ ಹೋಗೋದು ಬೇರೆ ಪೋರ್ಟಲ್ಲಿ, ಆ ಪೋರ್ಟು ಫೈರ್‌ವಾಲಲ್ಲಿ ಮುಚ್ಚಿತ್ತು. ಯುಎಕ್ಸ್‌ಪ್ಲೇ ಸುಮ್ನೆ ಬಿಟ್ರೆ ಪ್ರತಿ ಸಲ ಬೇರೆ ಬೇರೆ ಪೋರ್ಟ್ ಹಿಡಿಯುತ್ತೆ, ಮೈನಸ್ ಪಿ ಆಪ್ಷನ್ ಕೊಟ್ರೆ ಟಿಸಿಪಿ 7000, 7001, 7100 ಮತ್ತು ಯುಡಿಪಿ 6000, 6001, 7011ಕ್ಕೆ ಕಟ್ಟುಬೀಳುತ್ತೆ. ಆ ಆರು ತೆರೆದೆ.

ಆದ್ರೂ ಕನೆಕ್ಟ್ ಆಗ್ಲಿಲ್ಲ. ಹೆಸರು ಕಾಣ್ತಿದೆ, ಪೋರ್ಟ್ ತೆರೆದಿದೆ, ಮತ್ತೇನು? ಒಂದೂವರೆ ಗಂಟೆ ಫೈರ್‌ವಾಲ್ ರೂಲ್ ಒಂದೊಂದಾಗಿ ಓದ್ದೆ. ಆಮೇಲೆ ಎದ್ದು ಹೋಗಿ ಪೈ ನೋಡಿದ್ರೆ ಅದ್ರ ಕೆಂಪು ಲೈಟೇ ಉರೀತಿಲ್ಲ, ಪ್ಲಗ್ ಸಡಿಲ ಆಗಿ ಆಫ್ ಆಗಿತ್ತು. ಆಫ್ ಆಗಿರೋ ಪೈ ಹೆಸರು ಐಪ್ಯಾಡಲ್ಲಿ ಹೆಂಗೆ ಕಾಣ್ತಿತ್ತು? ಎಂಡಿಎನ್‌ಎಸಲ್ಲಿ ಪಟ್ಟಿಯಲ್ಲಿ ಹೆಸರು ತೋರ್ಸೋ ರೆಕಾರ್ಡಿಗೆ ಮಾಮೂಲಿ ಆಯಸ್ಸು 75 ನಿಮಿಷ. ಸರಿಯಾಗಿ ಶಟ್‌ಡೌನ್ ಮಾಡಿದ್ರೆ ಪೈ "ಹೊರಟೆ" ಅಂತ ಹೇಳಿ ಹೋಗುತ್ತೆ, ಪಟ್ಟಿಯಿಂದ ಹೆಸರು ಅಳಿಸುತ್ತೆ. ಪ್ಲಗ್ ಕಿತ್ರೆ ಹೇಳೋಕೆ ಟೈಮೆಲ್ಲಿ, ಐಪ್ಯಾಡ್ ತನ್ನ ನೆನಪಲ್ಲಿರೋ ಹೆಸರೇ ತೋರಿಸ್ತಾ ಕೂತಿತ್ತು. ಹೆಸರು ಕಾಣ್ಸೋದು ಯಂತ್ರ ಜೀವಂತ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ, ಪಿಂಗ್ ಮಾಡಿ, ಅಂದ್ರೆ ಅದ್ರ ವಿಳಾಸಕ್ಕೆ ಕೂಗಿ ಉತ್ತರ ಬರುತ್ತಾ ನೋಡಿ.

ಪ್ಲಗ್ ಸರಿ ಮಾಡಿದ್ಮೇಲೆ ಚಿತ್ರ ಬಂತು. ಅಲ್ಲಿಗೆ ಸುಮ್ನಿರ್ಬೇಕಿತ್ತು. ಹೆಸರು ಬರೋಕೆ ಹತ್ತು ಹದಿನೈದು ಸೆಕೆಂಡ್ ತಗೊಳ್ತಿತ್ತು ಅಂತ, 12ನೇ ದಿನ ಪೈಗೂ ಎರಡನೇ ವಿಲ್ಯಾನ್ ಕೊಟ್ಟು ಅದ್ರಲ್ಲೂ ಅವಾಹಿ ರಿಫ್ಲೆಕ್ಟರ್ ಆನ್ ಮಾಡ್ದೆ, ಎರಡಿದ್ರೆ ಬೇಗ ಆಗ್ಬಹುದು ಅಂತ. ಒಬ್ಬ ಕೂಗಿದ್ದನ್ನ ಇನ್ನೊಬ್ಬ ದಾಟಿಸ್ದ, ಅದನ್ನ ಮೊದಲನೇವ್ನು ವಾಪಸ್ ದಾಟಿಸ್ದ, ಪೈಗೆ ತನ್ನದೇ ಹೆಸರು ಬೇರೆ ಕಡೆಯಿಂದ ಕೇಳಿಸ್ತು, ಓ ಈ ಹೆಸರಿನವ್ರು ಇನ್ನೊಬ್ರಿದಾರೆ ಅಂದ್ಕೊಂಡು ತನ್ನ ಹೆಸರಿನ ಕೊನೇಗೆ 2 ಅಂತ ಸೇರಿಸ್ಕೊಳ್ತು. ಆಮೇಲೆ 3. ನಾನು ನೋಡೋ ಹೊತ್ತಿಗೆ 17ಕ್ಕೆ ಬಂದಿತ್ತು. ಐಪ್ಯಾಡ್ ಪಟ್ಟಿಯಲ್ಲಿ ಒಂದೇ ರೂಮಿನ ಹೆಸರು ಸಾಲಾಗಿ ನಿಂತಿತ್ತು, ಯಾವುದು ಒತ್ತಿದ್ರೂ ಹೋಗ್ತಿರ್ಲಿಲ್ಲ, ಕಟ್ಟಡದ ವೈಫೈ ಪೂರ್ತಿ ಮಂಕಾಯ್ತು. ಪಕ್ಕದ ರೂಮಲ್ಲಿ ನಡೀತಿದ್ದ ಮೀಟಿಂಗ್‌ಗೆ ತೊಂದರೆ ಆಯ್ತು, ಅವರ ಹತ್ರ ಹೋಗಿ ಕ್ಷಮೆ ಕೇಳಿ ಬಂದೆ. ಒಂದು ಜೋಡಿ ನೆಟ್‌ವರ್ಕ್ ಮಧ್ಯೆ ರಿಫ್ಲೆಕ್ಟರ್ ಒಂದೇ ಇರ್ಬೇಕು.

13ನೇ ದಿನ ಎಲ್ಲಾ ಕಿತ್ತು ಹಾಕ್ದೆ. ಬಿಳಿ ಹಾಳೆ ತಗೊಂಡು ಚಿತ್ರ ಬರೆದೆ. ಒಂದು ಹೊಸ ವಿಲ್ಯಾನ್, ಒಂದು ಹೊಸ ವೈಫೈ ಹೆಸರು, ಕ್ಲಾಸ್‌ರೂಮ್‌ಗೆ ಮಾತ್ರ. ಪೈ ಮತ್ತು ಮಿನಿ ಪಿಸಿ ಎರಡೂ ಕೇಬಲ್ಲಲ್ಲಿ ಅದೇ ವಿಲ್ಯಾನಿಗೆ. ಅಲ್ಲಿಂದ ಇಂಟರ್ನೆಟ್ ಇದೆ, ಆಫೀಸ್ ಕಡೆ ದಾರಿ ಇಲ್ಲ. ಗೆಸ್ಟ್ ಮೋಡ್ ಇಲ್ಲ, ಆದ್ರೆ ಕ್ಲೈಂಟ್ ಐಸೋಲೇಶನ್ ಮಾತ್ರ ಇದೆ, ಅಂದ್ರೆ ವೈಫೈಯಲ್ಲಿರೋ ಒಂದು ಫೋನ್ ಇನ್ನೊಂದು ಫೋನ್ ಮುಟ್ಟೋಕಾಗಲ್ಲ, ಕೇಬಲ್ಲಲ್ಲಿರೋ ರಿಸೀವರ್ ಮುಟ್ಬಹುದು. ನನ್ನ ಆಕ್ಸೆಸ್ ಪಾಯಿಂಟಲ್ಲಿ ಇದು ಹೀಗೆ ಕೆಲಸ ಮಾಡ್ತು, ಕೆಲವದ್ರಲ್ಲಿ ಐಸೋಲೇಶನ್ ಹಾಕಿದ್ರೆ ಮಲ್ಟಿಕಾಸ್ಟೂ ನಿಲ್ಲುತ್ತೆ, ಹಾಕಿ ನೋಡೇ ತಿಳ್ಕೋಬೇಕು. ರಿಫ್ಲೆಕ್ಟರ್ ಬೇಕಾಗ್ಲೇ ಇಲ್ಲ. ಮೂರು ದಿನ ಸೇತುವೆ ಕಟ್ಟೋಕೆ ಒದ್ದಾಡಿದ್ದೆ, ಎರಡು ದಡಾನೂ ಒಂದೇ ಮಾಡಿದ್ರೆ ಸಾಕಿತ್ತು.

ಹೆಸರು ತಡ ಆಗೋದಕ್ಕೆ ಉಪಾಯ ಬೇರೇನೇ ಇತ್ತು. ವೈಫೈಯಲ್ಲಿ ಮಲ್ಟಿಕಾಸ್ಟ್ ಪ್ಯಾಕೆಟ್ ಕಳಿಸಿದ್ರೆ ತಲುಪ್ತಾ ಅಂತ ಯಾರೂ ಕೇಳಲ್ಲ, ಕಳೆದುಹೋದ್ರೆ ಮತ್ತೆ ಕಳ್ಸಲ್ಲ. ಆಕ್ಸೆಸ್ ಪಾಯಿಂಟಲ್ಲಿ ಮಲ್ಟಿಕಾಸ್ಟನ್ನ ಯುನಿಕಾಸ್ಟಿಗೆ (ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳ್ಸೋದಕ್ಕೆ) ಬದಲಾಯಿಸೋ ಒಂದು ಟಿಕ್ ಇತ್ತು. ಹಾಕ್ದೆ. ಹಿಂದಿನ ಬೆಂಚಿಂದಾನೂ ಎರಡು ಮೂರು ಸೆಕೆಂಡಿಗೆ ಹೆಸರು ಬರೋಕೆ ಶುರುವಾಯ್ತು.

ದಿನ 14: ತಡ ಅಳೆದಿದ್ದು

ಎಷ್ಟು ಲ್ಯಾಗ್ ಇದೆ ಅಂತ ಕಣ್ಣಂದಾಜಲ್ಲಿ ಹೇಳೋದು ನಂಗೆ ಇಷ್ಟ ಇಲ್ಲ. ಐಪ್ಯಾಡಲ್ಲಿ ಸ್ಟಾಪ್‌ವಾಚ್ ಓಡಿಸಿ, ಐಪ್ಯಾಡೂ ಟಿವಿನೂ ಒಂದೇ ಫ್ರೇಮಲ್ಲಿ ಬರೋ ಹಾಗೆ ಫೋನಲ್ಲಿ 240 ಫ್ರೇಮ್ ಸ್ಲೋ ಮೋಷನ್ ತೆಗೆದೆ. ಐಪ್ಯಾಡಲ್ಲಿ ಒಂದು ಸೆಕೆಂಡ್ ಬದಲಾದ ಫ್ರೇಮಿಂದ ಟಿವಿಯಲ್ಲಿ ಅದೇ ಬದಲಾಗೋ ತನಕ ಎಣಿಸಿದ್ರೆ 68 ಫ್ರೇಮ್, ಅಂದ್ರೆ ಸುಮಾರು 283 ಮಿಲಿಸೆಕೆಂಡ್. ಪೆನ್ನಲ್ಲಿ ಬರೀಬೇಕಾದ್ರೆ ಇದು ಕಿರಿಕಿರಿ. ಟಿವಿ ಸೆಟ್ಟಿಂಗಲ್ಲಿ ಗೇಮ್ ಮೋಡ್ ಹಾಕಿ ಮತ್ತೆ ಎಣಿಸ್ದೆ, 41 ಫ್ರೇಮ್, 171 ಮಿಲಿಸೆಕೆಂಡ್. ಇಷ್ಟು ಹೊತ್ತೂ ಟಿವಿನೇ ಚಿತ್ರ ಚೆಂದ ಮಾಡ್ತಾ 100 ಮಿಲಿಸೆಕೆಂಡಿಗಿಂತ ಜಾಸ್ತಿ ನುಂಗ್ತಿತ್ತು. ಯುಎಕ್ಸ್‌ಪ್ಲೇಯಲ್ಲಿ ಚಿತ್ರ, ಸದ್ದು ಹೊಂದಿಸೋ ವಿ-ಸಿಂಕ್ ತೆಗೆದ್ರೆ 33 ಫ್ರೇಮಿಗೆ ಇಳೀತು, ಆದ್ರೆ ವೀಡಿಯೋ ಹಾಕಿದ್ರೆ ತುಟಿ ಒಂದು ಕಡೆ ಮಾತು ಒಂದು ಕಡೆ. ವಾಪಸ್ ಹಾಕ್ದೆ.

ಅದೇ ದಿನ ನೋಡಿದ ಇನ್ನೊಂದು: ಕಪ್ಪು ಹಲಗೆ ಬಣ್ಣದ ಸ್ಲೈಡ್ ಮೇಲೆ ಕೆಂಪು ತೆಳು ಅಕ್ಷರ ಕಲಸಿದ ಹಾಗೆ ಕಾಣ್ತಿತ್ತು, ಬಿಳಿ ಅಕ್ಷರ ಚೂಪಾಗಿತ್ತು. ವೀಡಿಯೋ ಕಂಪ್ರೆಸ್ ಮಾಡ್ಬೇಕಾದ್ರೆ ಬೆಳಕಿನ ವಿವರ ಪೂರ್ತಿ ಇಟ್ಕೊಂಡು ಬಣ್ಣದ ವಿವರ ಉದ್ದಕ್ಕೂ ಅಗಲಕ್ಕೂ ಅರ್ಧ ಮಾಡ್ತಾರೆ, ಸೆಟ್ಟಿಂಗಲ್ಲಿ ಸರಿ ಮಾಡೋಕಾಗಲ್ಲ. ಟೀಚರ್‌ಗಳಿಗೆ ಹೇಳಿದೀನಿ, ಗಾಢ ಹಿನ್ನೆಲೆ ಮೇಲೆ ಹಳದಿ ಅಥವಾ ಬಿಳಿ ಬಳಸಿ, ಕೆಂಪು ಬೇಕೇ ಬೇಕು ಅಂದ್ರೆ ಗೆರೆ ದಪ್ಪ ಮಾಡಿ ಅಂತ. ಟಿವಿ ಓವರ್‌ಸ್ಕ್ಯಾನ್ ಆಫ್ ಮಾಡಿದ್ಮೇಲೆ ಅಂಚಲ್ಲಿ ಕತ್ತರಿಸಿಹೋಗ್ತಿದ್ದ ಸಾಲುಗಳೂ ಬಂದ್ವು.

ದಿನ 16: ಬೇರೆಯವರ ಸ್ಕ್ರೀನ್

ಕ್ಲಾಸ್ ನಡೀತಿದ್ದಾಗ ಪಕ್ಕದ ರೂಮಿಂದ ಯಾರೋ ತಪ್ಪಿ ಈ ಟಿವಿ ಹೆಸರು ಒತ್ತಿ, ಅವ್ರ ಫೋನಿನ ಮೆಸೇಜ್ ಪಟ್ಟಿ 30 ಜನರ ಮುಂದೆ ಬಂತು. ಮೂರ್ನಾಲ್ಕು ಸೆಕೆಂಡ್ ಅಷ್ಟೇ. ಆದ್ರೂ ಅದು ಆಗಬಾರ್ದಿತ್ತು, ಪಿನ್ ಮೊದಲನೇ ದಿನವೇ ಹಾಕ್ಬೇಕಿತ್ತು, ಆಮೇಲೆ ನೋಡೋಣ ಅಂತ ಬಿಟ್ಟಿದ್ದು ನಾನೇ.

ಯುಎಕ್ಸ್‌ಪ್ಲೇಯಲ್ಲಿ ಪಿನ್ ಆಪ್ಷನ್ ಇದೆ, ಆದ್ರೆ ಆ ನಾಲ್ಕು ಅಂಕಿ ತೋರ್ಸೋದು ಟರ್ಮಿನಲ್ಲಲ್ಲಿ, ಟಿವಿಯಲ್ಲಿ ಅಲ್ಲ. ಆದ್ದರಿಂದ ಫಿಕ್ಸ್ ಪಿನ್ ಕೊಟ್ಟು ಒಂದು ಕಾರ್ಡಲ್ಲಿ ಬರ್ದು ಟಿವಿ ಕೆಳಗೆ ಅಂಟಿಸ್ದೆ, ರೂಮ್ ಒಳಗೆ ನಿಂತವ್ರಿಗೆ ಮಾತ್ರ ಕಾಣುತ್ತೆ, ತಿಂಗಳಿಗೊಮ್ಮೆ ಬದಲಾಯಿಸ್ತೀನಿ. ಮಿನಿ ಪಿಸಿಯಲ್ಲೂ ಪ್ರತಿ ಸಲ ಪಿನ್ ಕೇಳೋ ಹಾಗೆ ಮಾಡ್ದೆ, ಅದು ಟಿವಿಯಲ್ಲೇ ತೋರ್ಸುತ್ತೆ. ಹೆಸರನ್ನೂ ಬದಲಾಯಿಸ್ದೆ, ಬರೀ "ಟಿವಿ" ಅಂತಿದ್ದಿದ್ದು ಈಗ ರೂಮ್ ನಂಬರ್ ಸಮೇತ ಇದೆ. ನೋಹೋಲ್ಡ್ ಆಪ್ಷನ್ ಕೂಡ ಹಾಕಿದೀನಿ, ಹಿಂದಿನ ಟೀಚರ್ ಕನೆಕ್ಷನ್ ಬಿಡಿಸ್ದೇ ಹೋಗಿದ್ರೂ ಹೊಸಬ್ರು ಬಂದ್ರೆ ಹಳೇದು ತಾನೇ ಬಿಡುತ್ತೆ.

ದಿನ 17 ರಿಂದ 19: ರಿಮೋಟ್ ಮುಟ್ಟದ ಹಾಗೆ

ಈಗ ಟಿವಿಗೆ ಎರಡು ರಿಸೀವರ್, ಎಚ್‌ಡಿಎಂಐ 1ರಲ್ಲಿ ಮಿನಿ ಪಿಸಿ, 2ರಲ್ಲಿ ಪೈ. ಇನ್‌ಪುಟ್ ಬದಲಾಯಿಸೋಕೆ ರಿಮೋಟ್ ಬೇಕು, ರಿಮೋಟ್ ಯಾವತ್ತೂ ಇಟ್ಟಲ್ಲಿ ಇರಲ್ಲ. ಎಚ್‌ಡಿಎಂಐ ಕೇಬಲ್ ಒಳಗೇ ಸಿಇಸಿ ಅನ್ನೋ ಒಂದು ತಂತಿ ಇರುತ್ತೆ, ಅದ್ರ ಮೇಲೆ ಪೈ ಟಿವಿಗೆ "ನನ್ನ ಕಡೆ ತಿರುಗು" ಅಂತ ಹೇಳ್ಬಹುದು. ಟಿವಿಯಲ್ಲಿ ಸಿಇಸಿ ಆನ್ ಮಾಡ್ಬೇಕು, ಮೆನುವಲ್ಲಿ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತೆ.

ಯಾರಾದ್ರೂ ಕನೆಕ್ಟ್ ಆಗಿದಾರೆ ಅಂತ ಪೈಗೆ ಗೊತ್ತಾಗೋದು ಹೆಂಗೆ? ಯುಎಕ್ಸ್‌ಪ್ಲೇಗೆ ಡಿಎಸಿಪಿ ಆಪ್ಷನ್ ಕೊಟ್ರೆ ಕನೆಕ್ಟ್ ಆಗಿರೋ ತನಕ ಮಾತ್ರ ಹೋಮ್ ಫೋಲ್ಡರಲ್ಲಿ ಒಂದು ಸಣ್ಣ ಫೈಲ್ ಇರುತ್ತೆ, ಬಿಟ್ರೆ ಫೈಲೂ ಹೋಗುತ್ತೆ. ಸೆಕೆಂಡಿಗೊಮ್ಮೆ ಆ ಫೈಲ್ ಇದ್ಯಾ ನೋಡೋ ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದೆ. ಫೈಲ್ ಬಂದ್ರೆ ಟಿವಿ ಆನ್, ಪೈ ಕಡೆ ತಿರುಗು. ಮೊದಲನೇ ಸಲ ಬರೆದಾಗ ಫೈಲ್ ಇರೋ ತನಕ ಪ್ರತಿ ಸೆಕೆಂಡೂ ಟಿವಿಗೆ ಹೇಳ್ತಾ ಇತ್ತು, ಟಿವಿ ಮೂಲೇಲಿ ಇನ್‌ಪುಟ್ ಹೆಸರು ಹೋಗ್ತಾನೇ ಇರ್ಲಿಲ್ಲ. ಬದಲಾದಾಗ ಮಾತ್ರ ಹೇಳು ಅಂತ ತಿದ್ದಿದೆ. ಪೈ ಕಡೆ ಯಾರೂ ಇಲ್ಲದಾಗ ಟಿವಿ ಮಿನಿ ಪಿಸಿ ತೋರ್ಸುತ್ತೆ.

18ನೇ ದಿನ ಬೆಳಗ್ಗೆ ಪೈ ಬೂಟೇ ಆಗ್ಲಿಲ್ಲ. ರಾತ್ರಿ ಯಾರೋ ಗೋಡೆಯ ಸ್ವಿಚ್ ಆಫ್ ಮಾಡಿ ಹೋಗಿದ್ರು, ಮೆಮೊರಿ ಕಾರ್ಡ್ ಕೆಟ್ಟಿತ್ತು. ಅವ್ರ ತಪ್ಪಲ್ಲ, ರೂಮ್ ಬಿಡೋವಾಗ ಸ್ವಿಚ್ ಆಫ್ ಮಾಡೋದು ಒಳ್ಳೇ ಅಭ್ಯಾಸ. ಹೊಸ ಕಾರ್ಡಲ್ಲಿ ಎಲ್ಲಾ ಮತ್ತೆ ಹಾಕಿ, ರಾಸ್ಪಿ ಕಾನ್ಫಿಗಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡ್ದೆ, ಈಗ ಬರೆಯೋದೆಲ್ಲ ರ‍್ಯಾಮಲ್ಲೇ, ಕಾರ್ಡಿಗೆ ಏನೂ ಬರೆಯಲ್ಲ, ಯಾವಾಗ ಬೇಕಾದ್ರೂ ಪ್ಲಗ್ ಕೀಳ್ಬಹುದು. ಹತ್ತು ಸಲ ಬೇಕಂತಲೇ ಕಿತ್ತು ನೋಡ್ದೆ, ಹತ್ತು ಸಲಾನೂ ಎದ್ದು ಬಂತು. ಒಂದೇ ತೊಂದರೆ, ಸೆಟ್ಟಿಂಗ್ ಬದಲಾಯಿಸ್ಬೇಕು ಅಂದ್ರೆ ಓವರ್‌ಲೇ ಆಫ್ ಮಾಡಿ, ರೀಬೂಟ್ ಮಾಡಿ, ಬದಲಾಯಿಸಿ, ಮತ್ತೆ ಆನ್ ಮಾಡ್ಬೇಕು. ಅದನ್ನ ಮರೆತು ಒಂದ್ಸಲ ಪಿನ್ ಬದಲಾಯಿಸಿದ್ದೆ, ರೀಬೂಟ್ ಆದ್ಮೇಲೆ ಹಳೇ ಪಿನ್ನೇ ವಾಪಸ್ ಬಂದಿತ್ತು.

ಟಿವಿ ಬೆನ್ನಿಗೆ ಅಂಟಿಸಿದ್ದ ಪೈ 78 ಡಿಗ್ರಿ ಮುಟ್ಟಿತ್ತು, 80ಕ್ಕೆ ಅದು ತನ್ನ ವೇಗ ಕಮ್ಮಿ ಮಾಡ್ಕೊಳ್ಳೋಕೆ ಶುರು ಮಾಡುತ್ತೆ. ಹೀಟ್‌ಸಿಂಕ್ ಹಾಕಿ ಟಿವಿಯಿಂದ ಒಂದು ಗೇಣು ಪಕ್ಕಕ್ಕೆ ಗೋಡೆಗೆ ಸ್ಕ್ರೂ ಹಾಕ್ದೆ, 61ಕ್ಕೆ ಇಳೀತು.

ದಿನ 20 ಮತ್ತು 21

ಮತ್ತೆ ಹಿಂದಿನ ಬೆಂಚು, ಮತ್ತೆ ಸ್ಟಾಪ್‌ವಾಚು. ಆರು ಜನ, ಯಾರಿಗೂ ಏನೂ ಹೇಳ್ಕೊಟ್ಟಿಲ್ಲ, ಟಿವಿ ಕೆಳಗಿನ ಕಾರ್ಡ್ ಒಂದೇ. ವಿಂಡೋಸ್ ಲ್ಯಾಪ್‌ಟಾಪ್ 24, 19, 27 ಸೆಕೆಂಡ್. ಐಪ್ಯಾಡ್ 14. ಮ್ಯಾಕ್‌ಬುಕ್ 22. ಆರನೇದು ಆಂಡ್ರಾಯ್ಡ್ ಫೋನ್, ಅದು ಬರ್ಲೇ ಇಲ್ಲ. ಆ ಫೋನಲ್ಲಿ ಮಿರಾಕಾಸ್ಟೇ ಇಲ್ಲ, ಗೂಗಲ್ ಕಾಸ್ಟ್ ಮಾತ್ರ. ಕೆಲವು ಕಂಪನಿ ಫೋನಲ್ಲಿ ಮಿರಾಕಾಸ್ಟ್ ಇರುತ್ತೆ, ಅವು ಮಿನಿ ಪಿಸಿಗೆ ಸೇರ್ತವೆ, ಇಲ್ಲದೇ ಇರೋದಕ್ಕೆ ನನ್ನ ಹತ್ರ ಈಗ ಉಪಾಯ ಇಲ್ಲ. ಆ ಟೀಚರ್ ಹತ್ರ ಕೂತು ಅವರ ಸ್ಲೈಡನ್ನ ಮಿನಿ ಪಿಸಿಯ ಬ್ರೌಸರಲ್ಲೇ ತೆರೆದು ಕೊಟ್ಟೆ, 30 ಸೆಕೆಂಡ್ ಗುರಿ ಅಲ್ಲಿ ಮುರೀತು.

ಹಾಗಾಗಿ ನಿನ್ನೆ ಹಳೇ ಎಚ್‌ಡಿಎಂಐ ಕೇಬಲ್ಲಿನ ಸಡಿಲ ತುದಿ ರಿಪೇರಿ ಮಾಡೋ ಬದ್ಲು ಪೂರ್ತಿ ಕೇಬಲ್ಲೇ ಬದಲಾಯಿಸ್ದೆ, ಬೇರೆ ರೂಮಲ್ಲಿ ಸುಮ್ನೆ ಬಿದ್ದಿದ್ದ 5 ಮೀಟರಿನದ್ದು ತಂದು ಎಚ್‌ಡಿಎಂಐ 3ಕ್ಕೆ ಹಾಕಿ, ನೆಲದ ಮೇಲೆ ಬಿಡದೆ ಟಿವಿ ಪಕ್ಕ ಒಂದು ಕೊಕ್ಕೆಗೆ ಸುತ್ತಿ ನೇತು ಹಾಕಿದೀನಿ. ಅದ್ರ ತುದಿಗೆ ಟೈಪ್ ಸಿ ಅಡಾಪ್ಟರ್ ಒಂದು ದಾರದಲ್ಲಿ ಕಟ್ಟಿದೀನಿ ಕಳೆದುಹೋಗದ ಹಾಗೆ, ಆ ಪೋರ್ಟಲ್ಲಿ ವೀಡಿಯೋ ಕಳಿಸೋ ಫೋನಿಗೆ ಅದು ಸಾಕು. ಮುಂದಿನ ವಾರ ಪಕ್ಕದ ರೂಮಿಗೂ ಇದೇ ಹಾಕ್ಬೇಕು, ಅಲ್ಲಿರೋದು ಟಿವಿ ಅಲ್ಲ, 1280 ಇಂಟು 800ರ ಪ್ರೊಜೆಕ್ಟರು, ಅದಕ್ಕೆ ಸಿಇಸಿ ಬರುತ್ತಾ ಅಂತ ನಾಳೆ ಏಣಿ ಹತ್ತಿ ಲೇಬಲ್ಲಿನ ಫೋಟೋ ತೆಗೀಬೇಕು.